ಚೂಯಿಂಗ್ ಗಮ್ ನುಂಗುವಿಕೆ

ಅಗಿದು ಉಗುಳಬೇಕಾದ ಚೂಯಿಂಗ್ ಗಮ್ಮನ್ನು ಚಿಕ್ಕ ಮಕ್ಕಳು ನುಂಗಿಬಿಡುವುದು ಸಾಮಾನ್ಯ. ಒಂದೆರಡು ತುಣುಕು ಹೊಟ್ಟೆಗೆ ಹೋದರೆ ಚಿಕಿತ್ಸೆ ಬೇಕಿಲ್ಲ. ಕೆಲವು ದಿನಗಳಲ್ಲಿ ಮಲದೊಡನೆ ಹೊರಬೀಳುತ್ತದೆ. ಅದು ಕರುಳಿಗೆ ಅಂಟಿಕೊಳ್ಳುತ್ತದೆ ಎಂಬ ಹೆದರಿಕೆಗಾಗಲಿ, ಏಳು ವರ್ಷ ಹೊಟ್ಟೆಯಲ್ಲೇ ಕೂತಿರುತ್ತದೆ ಎಂದು ಅಮೆರಿಕದ ಮಕ್ಕಳಿಗೆ ಹೇಳುತ್ತ ಬಂದಿರುವ ಮಾತಿಗಾಗಲಿ ಆಧಾರವಿಲ್ಲ.

ಗಮ್ಮಿನಲ್ಲಿರುವ ಸಕ್ಕರೆ, ಸುವಾಸನೆ ಮೊದಲಾದವು ಕರಗಿಹೋಗುತ್ತವೆ. ಕರಗದೆ ಉಳಿಯುವುದು ‘ಗಮ್ ಬೇಸ್’ ಎಂಬ ಜಿಗುಟು ಭಾಗ. 19ನೆಯ ಶತಮಾನದ ಅಮೆರಿಕದಲ್ಲಿ ಇದಕ್ಕೆ ಬಳಸುತ್ತಿದ್ದುದು ಮೆಕ್ಸಿಕೊ, ಗ್ವಾಟೆಮಾಲ ಕಾಡುಗಳ ಸಪೋಟ ಮರದ ಹಾಲು. ನಮ್ಮ ತೋಟಗಳಲ್ಲಿ ಹಣ್ಣಿಗಾಗಿ ಬೆಳೆಯುವ ಚಿಕ್ಕು ಮರವೂ ಇದೇ. ಈಗ ಹೆಚ್ಚಾಗಿ ಪಾಲಿವಿನೈಲ್ ಅಸಿಟೇಟ್, ಬ್ಯುಟೈಲ್ ರಬ್ಬರಿನಂಥ ಕೃತಕ ವಸ್ತುಗಳು. ಜಠರದ ಆಮ್ಲಕ್ಕೂ ಕಿಣ್ವಗಳಿಗೂ ಇವು ಜಗ್ಗುವುದಿಲ್ಲ, ನಿಜ. ಆದರೆ ಜೀರ್ಣವಾಗದ್ದೆಲ್ಲ ಒಳಗೆ ಉಳಿಯಬೇಕೆಂದಿಲ್ಲ. ತರಕಾರಿಯ ನಾರೂ ಜೀರ್ಣವಾಗುವುದಿಲ್ಲ. ಕರುಳಿನ ಒಳಗೋಡೆ ಸದಾ ಲೋಳೆಯಿಂದ ಒದ್ದೆಯಾಗಿರುವುದರಿಂದ ಗಮ್ ಹಿಡಿದುಕೊಳ್ಳುವುದಿಲ್ಲ. ಕರುಳಿನ ಅಲೆಯಂಥ ಚಲನೆ ಅದನ್ನು ಮುಂದಕ್ಕೆ ತಳ್ಳುತ್ತದೆ.

ತೊಂದರೆ ಬರುವುದು ದಿನವೂ ಹಲವು ಗಮ್ ನುಂಗುವ ಅಭ್ಯಾಸವಿದ್ದಾಗ, ಅದೂ ಅಪರೂಪಕ್ಕೆ. 1998ರಲ್ಲಿ ‘ಪೀಡಿಯಾಟ್ರಿಕ್ಸ್’ ವೈದ್ಯಪತ್ರಿಕೆ ಅಮೆರಿಕದ ಇಂಥ ಮೂವರು ಮಕ್ಕಳ ವಿವರ ಪ್ರಕಟಿಸಿತು. ನಾಲ್ಕೂವರೆ ವರ್ಷದ ಹುಡುಗನೊಬ್ಬನಿಗೆ ಎರಡು ವರ್ಷಗಳಿಂದ ಮಲಬದ್ಧತೆ. ಶೌಚದ ಅಭ್ಯಾಸ ಮಾಡಿಸಲು ಮನೆಯವರು ಬಹುಮಾನವಾಗಿ ಕೊಡುತ್ತಿದ್ದುದು ಚೂಯಿಂಗ್ ಗಮ್; ಅವನು ಎಲ್ಲವನ್ನೂ ನುಂಗುತ್ತಿದ್ದ. ಔಷಧಕ್ಕೆ ಬಗ್ಗದ ಉಂಡೆಯನ್ನು ವೈದ್ಯರು ಮಂಪರು ಬರಿಸಿ ಹೊರತೆಗೆಯಬೇಕಾಯಿತು. ಶೌಚ ಮಾಡಿಸಲೆಂದು ಕೊಟ್ಟದ್ದೇ ಅದಕ್ಕೆ ಅಡ್ಡಿಯಾಗಿತ್ತು. ಇನ್ನೊಂದು ಮಗುವಿನ ಅನ್ನನಾಳದಲ್ಲಿ ಗಮ್ಮಿನೊಡನೆ ನಾಲ್ಕು ನಾಣ್ಯಗಳೂ ಅಂಟಿಕೊಂಡಿದ್ದವು. ಹೀಗೆ ಕಟ್ಟಿಕೊಳ್ಳುವ ಗಟ್ಟಿ ಉಂಡೆಗೆ ವೈದ್ಯರು ‘ಬೆಜೋರ್’ ಎನ್ನುತ್ತಾರೆ. ಹೊಟ್ಟೆನೋವು, ಹೊಟ್ಟೆಯುಬ್ಬರ, ಬಿಡದ ವಾಂತಿ, ಜೊಲ್ಲು ನುಂಗಲಾಗದ ಸ್ಥಿತಿ ಕಂಡರೆ ಆಸ್ಪತ್ರೆಗೆ ಒಯ್ಯಬೇಕು. ಸಕ್ಕರೆರಹಿತ ಗಮ್ಮಿನಲ್ಲಿರುವ ಸಾರ್ಬಿಟಾಲ್ ಎಂಬ ಸಿಹಿಕಾರಕ ಹೆಚ್ಚಾದರೆ ಭೇದಿಯೂ ಆಗಬಹುದು.

ಹೊಟ್ಟೆಗಿಂತ ಹೆಚ್ಚು ಹೆದರಬೇಕಾದದ್ದು ಶ್ವಾಸನಾಳಕ್ಕೆ. ಓಡುತ್ತ, ನಗುತ್ತ ಅಗಿಯುವ ಪುಟ್ಟ ಮಗುವಿನ ಗಂಟಲಿಗೆ ಗಮ್ ಸಿಕ್ಕಿಕೊಂಡರೆ ಉಸಿರು ಕಟ್ಟುತ್ತದೆ. ಐದು ವರ್ಷ ತುಂಬುವ ಮೊದಲು ಕೊಡದಿರುವುದೇ ಲೇಸು. ಮಗು ಜೋರಾಗಿ ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಬೇಕು. ಕಾಣದ ವಸ್ತುವಿಗಾಗಿ ಬಾಯೊಳಗೆ ಬೆರಳು ಹಾಕಿದರೆ ಅದು ಇನ್ನೂ ಒಳಕ್ಕೆ ಹೋಗಬಹುದು. ಕೆಮ್ಮಲೂ ಆಗದಿದ್ದರೆ ಮುಂದಕ್ಕೆ ಬಾಗಿಸಿ ಹೆಗಲೆಲುಬುಗಳ ನಡುವೆ ಅಂಗೈಯಿಂದ ಗಟ್ಟಿಯಾಗಿ ತಟ್ಟುತ್ತ ನೆರವಿಗೆ ಕರೆಯಬೇಕು.

ಸಿಗರೇಟು ಬಿಡಲು ದೊಡ್ಡವರು ಅಗಿಯುವ ನಿಕೋಟಿನ್ ಗಮ್ ಬೇರೆಯೇ ಮಾತು. ಮಗುವಿನ ಬಾಯಿಗೆ ಅದು ಹೋಗಿದ್ದರೆ ವಿಷಬಾಧೆಯೆಂದೇ ಎಣಿಸಿ, ಲಕ್ಷಣಗಳಿಗೆ ಕಾಯದೆ ವೈದ್ಯರ ಬಳಿಗೆ ಕರೆದೊಯ್ಯಬೇಕು.