ಹಾಲೋಬಾಡಿ ಎಲೆಕ್ಟ್ರಿಕ್ ಗಿಟಾರಿನ ತಂತಿಗಳು

ಒಡಲು ಟೊಳ್ಳಾಗಿದ್ದು, ಮೇಲುಹಲಗೆ ಕಮಾನಿನಂತೆ ಉಬ್ಬಿರುವ, ತಂತಿಗಳ ಕೆಳಗೆ ಅವುಗಳ ಕಂಪನವನ್ನು ವಿದ್ಯುತ್ತಾಗಿಸುವ ಕಾಂತೀಯ ಪಿಕಪ್ ಇರುವ ಗಿಟಾರು ಹಾಲೋಬಾಡಿ ಎಲೆಕ್ಟ್ರಿಕ್ ಗಿಟಾರ್. 1930ರ ದಶಕದ ನಡುಭಾಗದಿಂದ 1960ರ ದಶಕದವರೆಗೆ ಅಮೆರಿಕದಲ್ಲಿ ತಯಾರಾದ ಇಂಥ ವಾದ್ಯಗಳು ಇಂದಿಗೂ ನುಡಿಯುತ್ತಿವೆ. ಅವನ್ನು ಕಟ್ಟಿದ್ದು ದಪ್ಪ ತಂತಿಗಳಿಗೆ, ಅದರಲ್ಲೂ ಮೂರನೆಯದು ಸುತ್ತುತಂತಿಯಾಗಿರುತ್ತದೆ ಎಂಬ ಲೆಕ್ಕದ ಮೇಲೆ. ಇಂದಿನ ಅಂಗಡಿಗಳಲ್ಲಿ ಸಿಗುವ ಬಹುಪಾಲು ತಂತಿಗಳು ಗಟ್ಟಿ ಒಡಲಿನ ರಾಕ್ ಗಿಟಾರಿಗಾಗಿ ಹುಟ್ಟಿದವು. ಹಳೆಯ ವಾದ್ಯಕ್ಕೆ ತಂತಿ ಆರಿಸುವುದು ತೊಡಕಾಗಿರುವುದು ಇದರಿಂದ.

ಆರು ತಂತಿಗಳಲ್ಲಿ ತೆಳುವಾದವು ಬರಿಯ ಉಕ್ಕಿನವು. ಕೆಳಸ್ಥಾಯಿಯವು ಉಕ್ಕಿನ ಒಳತಂತಿಯ ಮೇಲೆ ಬೇರೆ ಲೋಹ ಸುತ್ತಿದ ಸುತ್ತುತಂತಿಗಳು. ವೀಣೆಯಲ್ಲಿ ಸಾರಣಿ ಮತ್ತು ಮಂದ್ರದ ತಂತಿಗಳ ನಡುವೆ ಕಾಣುವ ವ್ಯತ್ಯಾಸವೇ ಇಲ್ಲಿಯದೂ. ದಪ್ಪವನ್ನು ಅಂಗುಲದ ಸಾವಿರದಲ್ಲೊಂದು ಭಾಗದ ಲೆಕ್ಕದಲ್ಲಿ ಹೇಳುವುದು ವಾಡಿಕೆ: 'ಹನ್ನೆರಡರ ಸೆಟ್' ಎಂದರೆ ಮೊದಲ ತಂತಿ 0.012 ಅಂಗುಲ. ಶ್ರುತಿ ಮತ್ತು ಉದ್ದ ಒಂದೇ ಇದ್ದಾಗ ಬರಿಯ ತಂತಿಯ ಬಿಗಿತ ಅದರ ದಪ್ಪದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. 648 ಮಿಲಿಮೀಟರ್ ಉದ್ದದ ಗಿಟಾರಿನಲ್ಲಿ ಹತ್ತರ ಮೊದಲ ತಂತಿಗೆ ಸುಮಾರು 7.4 ಕಿಲೋ ಎಳೆತ ಬೇಕಾದರೆ ಹನ್ನೆರಡಕ್ಕೆ 10.6 ಕಿಲೋ ಬೇಕು. ಸಂಖ್ಯೆಯಲ್ಲಿ ಎರಡೇ ಹೆಚ್ಚು, ಎಳೆತದಲ್ಲಿ ನೂರಕ್ಕೆ 44 ಹೆಚ್ಚು.

ಕಮಾನುಹಲಗೆಯ ಗಿಟಾರಿನ ಮೂಲ ಮಿಶಿಗನ್ ರಾಜ್ಯದ ಕಲಮಜೂ ಪಟ್ಟಣದಲ್ಲಿದೆ. ಆರ್ವಿಲ್ ಗಿಬ್ಸನ್ ಅಲ್ಲಿ 19ನೆಯ ಶತಮಾನದ ಕೊನೆಗೆ ಪಿಟೀಲಿನ ರೀತಿಯಲ್ಲಿ ಹಲಗೆ ಕೆತ್ತಿ ಮ್ಯಾಂಡೊಲಿನ್, ಗಿಟಾರುಗಳನ್ನು ಮಾಡುತ್ತಿದ್ದ. ಅವನ ಹೆಸರಿನ ಕಂಪನಿ 1922ರಲ್ಲಿ ಎಲ್-5 ಮಾದರಿಯನ್ನು ಹೊರತಂದಿತು. ಇದರ ತಂತಿಗಳನ್ನು ಹೊರುವ ಬ್ರಿಡ್ಜನ್ನು ಹಲಗೆಗೆ ಅಂಟಿಸಿರುವುದಿಲ್ಲ. ತಂತಿಗಳು ಮೇಲಿನಿಂದ ಒತ್ತುವ ಭಾರವೇ ಅದನ್ನು ನಿಲ್ಲಿಸುತ್ತದೆ. ಕಹಳೆ, ಡ್ರಮ್ಮುಗಳ ನಡುವೆ ಧ್ವನಿವರ್ಧಕವಿಲ್ಲದೆ ಕೇಳಿಸಬೇಕಾದ ಗಿಟಾರಿಗೆ ದಪ್ಪ ತಂತಿ ಅನಿವಾರ್ಯವಾಗಿತ್ತು. ಕೌಂಟ್ ಬೇಸಿಯ ಜಾಜ್ ವಾದ್ಯವೃಂದದಲ್ಲಿ 1937ರಿಂದ ಅರ್ಧ ಶತಮಾನ ಗಿಟಾರಿನಲ್ಲಿ ತಾಳ ಹಿಡಿದ ಫ್ರೆಡ್ಡಿ ಗ್ರೀನ್ ತಂತಿಗಳನ್ನು ಕತ್ತಿನ ಮೇಲಿನ ಫ್ರೆಟ್ಟುಗಳಿಂದ ಬಹಳ ಎತ್ತರದಲ್ಲಿ ಇಟ್ಟುಕೊಳ್ಳುತ್ತಿದ್ದುದೂ ಗಟ್ಟಿ ದನಿಗಾಗಿಯೇ.

ಪಿಕಪ್ ಬಂದಮೇಲೆ ಬೇಡಿಕೆ ಬೇರೆಯಾಯಿತು. ಗಿಬ್ಸನ್ ಕಂಪನಿ 1936ರಲ್ಲಿ ಇಎಸ್-150 ಗಿಟಾರನ್ನು ಮಾರುಕಟ್ಟೆಗೆ ಬಿಟ್ಟಿತು. ಹೆಸರಿನ 150, ಗಿಟಾರು ಮತ್ತು ಆಂಪ್ಲಿಫೈಯರ್ ಸೇರಿದ ಬೆಲೆಯ ಡಾಲರ್ ಲೆಕ್ಕ. 1939ರಲ್ಲಿ ಬೆನ್ನಿ ಗುಡ್‌ಮನ್‌ನ ತಂಡ ಸೇರಿದ ಚಾರ್ಲಿ ಕ್ರಿಶ್ಚಿಯನ್ ಈ ವಾದ್ಯವನ್ನು ಹೆಸರುವಾಸಿ ಮಾಡಿದ. ಇದರ ಪಿಕಪ್ಪಿನಲ್ಲಿ ಆರೂ ತಂತಿಗಳ ಕೆಳಗೆ ಹಾಯುವ ಒಂದೇ ಉಕ್ಕಿನ ಪಟ್ಟಿ. ಅದಕ್ಕೆ ಅಂಟಿದ ಭಾರವಾದ ಅಯಸ್ಕಾಂತಗಳು ಹಲಗೆಯ ಅಡಿಯಲ್ಲಿ, ಮೇಲಿನಿಂದ ಕಾಣುವ ಮೂರು ತಿರುಪುಗಳ ಆಸರೆಯಲ್ಲಿ ಕೂತಿದ್ದವು. ಪಿಕಪ್ಪಿಗೆ ಗಾಳಿಯ ಕಂಪನ ಲೆಕ್ಕಕ್ಕಿಲ್ಲ, ಅಲುಗುವ ಕಬ್ಬಿಣವೇ ಮುಖ್ಯ. ಹಾಗಾಗಿ ಬರಿಯ ಉಕ್ಕಿನ ಎರಡನೆಯ ತಂತಿ ಪಕ್ಕದ ಸುತ್ತುತಂತಿಗಿಂತ ಜೋರಾಗಿ ಕೇಳುತ್ತಿತ್ತು. ಇದನ್ನು ತಗ್ಗಿಸಲು ಮುಂದೆ ತಯಾರಾದ ಪಿಕಪ್ಪುಗಳಲ್ಲಿ ಆ ತಂತಿಯ ನೇರಕ್ಕೆ ಪಟ್ಟಿಯನ್ನು ಸ್ವಲ್ಪ ಕೊರೆದರು. ಯಾವ ತಂತಿ ಹಾಕುತ್ತಾರೆಂಬುದನ್ನು ಮೊದಲೇ ಊಹಿಸಿಕೊಂಡು ವಾದ್ಯ ಕಟ್ಟುತ್ತಿದ್ದರೆಂಬುದಕ್ಕೆ ಈ ಕಚ್ಚಿಗಿಂತ ಒಳ್ಳೆಯ ಸಾಕ್ಷಿ ಬೇಡ.

ಸುತ್ತಿನ ಲೋಹವೂ ಇದೇ ಕಾರಣಕ್ಕೆ ಬದಲಾಯಿತು. ಪಿಕಪ್ ಇಲ್ಲದ ಬರಿಗಿಟಾರಿಗೆ ಹೊಳಪಿನ ದನಿ ಕೊಡುವ ಕಂಚಿನ ಸುತ್ತು ಅಯಸ್ಕಾಂತಕ್ಕೆ ಸ್ಪಂದಿಸುವುದಿಲ್ಲ. ಪಿಕಪ್ಪಿಗೆ ತಲುಪುವುದು ಒಳಗಿನ ಉಕ್ಕು ಮಾತ್ರ, ಕೆಳಸ್ಥಾಯಿ ಸೊರಗುತ್ತದೆ. ನಿಕಲ್ ಸ್ಪಂದಿಸುತ್ತದೆ. ಮೂರರಲ್ಲಿ ಎರಡು ಪಾಲು ನಿಕಲ್, ಉಳಿದದ್ದು ಹೆಚ್ಚಾಗಿ ತಾಮ್ರವಾಗಿರುವ ಮೊನೆಲ್ ಮಿಶ್ರಲೋಹ ತುಕ್ಕಿಗೆ ಜಗ್ಗುವುದಿಲ್ಲವಾದ್ದರಿಂದ ಅದೂ ಬಳಕೆಗೆ ಬಂತು; ಗಿಬ್ಸನ್ ಕಂಪನಿಯೇ 'ಮೋನಾ-ಸ್ಟೀಲ್' ಎಂಬ ಹೆಸರಿನಲ್ಲಿ ಇಂಥ ತಂತಿ ಮಾರುತ್ತಿತ್ತು.

ಇನ್ನೊಂದು ಬೆಳವಣಿಗೆ ಫ್ಲ್ಯಾಟ್‌ವೌಂಡ್. ಇದರಲ್ಲಿ ಸುತ್ತುವುದು ಗುಂಡು ತಂತಿಯನ್ನಲ್ಲ, ಚಪ್ಪಟೆ ಲೋಹದ ಪಟ್ಟಿಯನ್ನು. ಮೇಲ್ಮೈ ನುಣುಪಾಗಿದ್ದು ಬೆರಳು ಜಾರುವಾಗ ಕೀರಲು ಸದ್ದು ಬರುವುದಿಲ್ಲ, ಫ್ರೆಟ್ ಬೇಗ ಸವೆಯುವುದಿಲ್ಲ. ಸ್ವರದ ಮೊದಲ ಪೆಟ್ಟು ದುಂಡಗೆ ಕೇಳಿ, ಮೇಲಿನ ಝೇಂಕಾರ ಬೇಗ ಅಡಗುತ್ತದೆ. 1949ರಲ್ಲಿ ಬಂದ ಗಿಬ್ಸನ್ ಇಎಸ್-175ರಂಥ ಜಾಜ್ ಗಿಟಾರುಗಳಿಗೆ ಇದು ಹೇಳಿ ಮಾಡಿಸಿದ ಜೊತೆ. ಪ್ಲೆಕ್ಟ್ರಮ್ ಬಿಟ್ಟು ಹೆಬ್ಬೆರಳಿನಿಂದ ಮೀಟುತ್ತಿದ್ದ ವೆಸ್ ಮಾಂಟ್‌ಗೊಮರಿಯ ಮೆತ್ತನೆಯ, ತುಂಬಿದ ನಾದಕ್ಕೆ ದಪ್ಪ ಫ್ಲ್ಯಾಟ್‌ವೌಂಡ್‌ಗಳ ಪಾಲು ದೊಡ್ಡದು.

ಇಷ್ಟು ಹೊತ್ತಿಗೆ ರಾಕ್ ಸಂಗೀತದವರು ತಂತಿಯನ್ನು ಪಕ್ಕಕ್ಕೆ ಎಳೆದು ಸ್ವರ ಬಾಗಿಸಲು ತೊಡಗಿದ್ದರು. ಸುತ್ತಿದ ಮೂರನೆಯ ತಂತಿ ಇದಕ್ಕೆ ಒಗ್ಗುವುದಿಲ್ಲ. ಕೆಲವರು ಬ್ಯಾಂಜೋ ತಂತಿ ತಂದು ಹಾಕಿಕೊಂಡರು. ಕ್ಯಾಲಿಫೋರ್ನಿಯಾದ ಟಾರ್ಜಾನಾದಲ್ಲಿ ಗಿಟಾರ್ ಅಂಗಡಿ ಇಟ್ಟಿದ್ದ ಅರ್ನಿ ಬಾಲ್, ಆಗ ಚಾಲ್ತಿಯಲ್ಲಿದ್ದ ಸೆಟ್ಟಿನ 0.029 ಅಂಗುಲದ ಮೂರನೆಯ ತಂತಿಯ ಜೊತೆ ಕಲಿಯುವ ಹುಡುಗರು ಗುದ್ದಾಡುವುದನ್ನು ಕಂಡು, ಆ ಜಾಗಕ್ಕೆ ತೆಳುವಾದ ಬರಿತಂತಿ ಸೇರಿಸಿದ. 1960ರ ದಶಕದ ಆರಂಭದಲ್ಲಿ 'ಸ್ಲಿಂಕಿ' ಹೆಸರಿನಲ್ಲಿ ಬಂದ 10–46ರ ಸೆಟ್ಟು ಕೆಲವೇ ವರ್ಷಗಳಲ್ಲಿ ಲೋಕರೂಢಿಯಾಯಿತು. ಮುಂದೆ ಶುದ್ಧ ನಿಕಲ್ಲಿನ ಸ್ಥಾನವನ್ನು ಅಗ್ಗವೂ ಹೊಳಪಿನದೂ ಆದ, ನಿಕಲ್ ಲೇಪದ ಉಕ್ಕು ಹಿಡಿಯಿತು.

ಹಳೆಯ ವಾದ್ಯಗಳು ಮಾತ್ರ ತಮ್ಮ ಕಾಲದ ಅಳತೆಗಳನ್ನೇ ಉಳಿಸಿಕೊಂಡಿವೆ. ಅದು ಎಲ್ಲಕ್ಕಿಂತ ಸ್ಪಷ್ಟವಾಗಿ ಕಾಣುವುದು ಮರದ ಬ್ರಿಡ್ಜಿನಲ್ಲಿ. ಅದರ ಮೇಲಂಚು ನೇರವಾಗಿರುವುದಿಲ್ಲ: ಎರಡನೆಯ ತಂತಿಯ ನೆಲೆ ಮೊದಲನೆಯದಕ್ಕಿಂತ ಹಿಂದಕ್ಕಿದ್ದು, ಮೂರನೆಯದಕ್ಕೆ ಬಂದಾಗ ಥಟ್ಟನೆ ಮುಂದಕ್ಕೆ ಜಿಗಿಯುತ್ತದೆ, ಅಲ್ಲಿಂದ ಮತ್ತೆ ಹಿಂದಕ್ಕೆ ಸರಿಯುತ್ತದೆ. ಸುತ್ತುತಂತಿಯ ಒಳಎಳೆ ತೆಳುವಾದ್ದರಿಂದ ಈ ಜಿಗಿತ. ಅಲ್ಲಿ ದಪ್ಪ ಬರಿತಂತಿ ಹಾಕಿದರೆ ಮೇಲಿನ ಫ್ರೆಟ್ಟುಗಳಲ್ಲಿ ಆ ತಂತಿಯೊಂದೇ ಶ್ರುತಿ ಏರಿ ಕೇಳಿಸುತ್ತದೆ. ಪಿಕಪ್ಪಿನಲ್ಲೂ ಅದು ಉಳಿದವನ್ನು ಮೀರಿ ಮೊಳಗುತ್ತದೆ. 1946ರ ಬಳಿಕದ ಪಿ-90 ಪಿಕಪ್ಪಿನಲ್ಲಿ ಒಂದೊಂದು ತಂತಿಯ ಕೆಳಗೂ ತಿರುಪು ಇರುವುದರಿಂದ ಸದ್ದನ್ನು ತಗ್ಗಿಸಬಹುದು, ಹಳೆಯ ಪಟ್ಟಿ ಪಿಕಪ್ಪಿನಲ್ಲಿ ಆ ಅನುಕೂಲವಿಲ್ಲ. ಪ್ರತಿ ತಂತಿಯ ನೆಲೆಯನ್ನು ಬಿಡಿಬಿಡಿಯಾಗಿ ಸರಿಸಬಲ್ಲ ಲೋಹದ ಬ್ರಿಡ್ಜು ಗಿಬ್ಸನ್ ಗಿಟಾರುಗಳಲ್ಲಿ ಕಂಡದ್ದು 1954ರಲ್ಲಿ. ಅದಿದ್ದರೆ ಶ್ರುತಿಯ ತೊಡಕು ಬಹುಮಟ್ಟಿಗೆ ನೀಗುತ್ತದೆ.

ತೀರ ತೆಳುವಾದ ತಂತಿಗೆ ಇನ್ನೊಂದು ದೋಷವಿದೆ. 10–46ರ ಸೆಟ್ಟಿನ ಒಟ್ಟು ಎಳೆತ 46–47 ಕಿಲೋ. ಹನ್ನೆರಡರ ಸೆಟ್ಟಿನದು ಇದರ ಒಂದೂವರೆ ಪಟ್ಟಿನ ಹತ್ತಿರ. ಎಳೆತ ಕುಗ್ಗಿದರೆ ಬ್ರಿಡ್ಜಿನ ಮೇಲಿನ ಒತ್ತಡವೂ ಕುಗ್ಗಿ, ಜೋರಾಗಿ ಮೀಟಿದಾಗ ಅದು ಜರುಗುತ್ತದೆ. ಕತ್ತಿನ ತುದಿಯ ನಟ್ಟಿನಲ್ಲಿ ದಪ್ಪ ತಂತಿಗೆಂದು ಕೊರೆದ ಕಚ್ಚುಗಳಲ್ಲಿ ತೆಳುತಂತಿ ಗಿಲಕಿಯಾಡುತ್ತದೆ. ಹಾಗೆಂದು ಕಾಲದ ಶುದ್ಧಿಗಾಗಿ ಹದಿಮೂರು, ಹದಿನಾಲ್ಕರ ಸೆಟ್ಟು ಹಾಕುವುದೂ ಜಾಣತನವಲ್ಲ. ಗಿಬ್ಸನ್ ಗಿಟಾರುಗಳ ಕತ್ತಿನೊಳಗೆ ತಿರುಗಿಸಬಲ್ಲ ಉಕ್ಕಿನ ಸರಳು 1920ರ ದಶಕದಿಂದಲೇ ಇದ್ದರೂ ಆ ಕಾಲದ ಅನೇಕ ಅಗ್ಗದ ಗಿಟಾರುಗಳಲ್ಲಿ ಅದಿಲ್ಲ. ದಶಕಗಳ ಎಳೆತಕ್ಕೆ ಹಲಗೆ ತಗ್ಗಿದ, ಒಳಪಟ್ಟಿಯ ಅಂಟು ಬಿಟ್ಟ ವಾದ್ಯಗಳೂ ಅಪರೂಪವಲ್ಲ. ಯಾವ ಸೆಟ್ಟಾದರೂ ತಂತಿಗಳನ್ನು ಒಂದೊಂದಾಗಿ ಬದಲಿಸಬೇಕು. ಆರನ್ನೂ ಒಟ್ಟಿಗೆ ಬಿಚ್ಚಿದರೆ ಅಂಟಿಲ್ಲದ ಬ್ರಿಡ್ಜು ಕಳಚಿಬಿದ್ದು ಅದರ ಜಾಗ ತಪ್ಪುತ್ತದೆ.

ಹೀಗಾಗಿ ಸಾಮಾನ್ಯ ಆಯ್ಕೆ ಹನ್ನೊಂದು ಅಥವಾ ಹನ್ನೆರಡರಿಂದ ಆರಂಭವಾಗುವ, ಮೂರನೆಯದು ಸುತ್ತುತಂತಿಯಾಗಿರುವ ಸೆಟ್ಟು. ಜಾಜ್ ನುಡಿಸುವವರಿಗೆ ಫ್ಲ್ಯಾಟ್‌ವೌಂಡ್, 1950ರ ದಶಕದ ರಾಕಬಿಲಿ ದನಿ ಬೇಕಾದವರಿಗೆ ಶುದ್ಧ ನಿಕಲ್ಲಿನ ಗುಂಡುಸುತ್ತು ಹೊಂದುತ್ತದೆ. ಗ್ರೆಚ್ 6120 ಗಿಟಾರ್ ನುಡಿಸುವ ಬ್ರಯನ್ ಸೆಟ್ಜರ್ ಹತ್ತರ ಸೆಟ್ಟಿನಲ್ಲೇ ಹೆಸರು ಮಾಡಿದ್ದು ಈ ಮಾತಿಗೆ ಅಪವಾದ. ವಿಯೆನ್ನಾದ ಥೊಮಾಸ್ಟಿಕ್-ಇನ್‌ಫೆಲ್ಡ್, ನ್ಯೂಯಾರ್ಕಿನ ಡಿ'ಆಡಾರಿಯೊ ಮೊದಲಾದ ಸಂಸ್ಥೆಗಳು ಜಾಜ್ ತಂತಿಗಳನ್ನು ಈಗಲೂ ತಯಾರಿಸುತ್ತವೆ. ಡಿ'ಆಡಾರಿಯೊದ 'ಕ್ರೋಮ್ಸ್' ಫ್ಲ್ಯಾಟ್‌ವೌಂಡ್ ಸರಣಿಯಲ್ಲಿ ಹತ್ತರಿಂದ ಆರಂಭವಾಗುವ ಹಗುರ ಸೆಟ್ಟಿಗೂ ಮೂರನೆಯದು ಸುತ್ತುತಂತಿಯೇ ಇರುವುದರಿಂದ, ಕತ್ತು ಬಲಹೀನವಾದ ಹಳೆಯ ಗಿಟಾರಿಗೆ ಅದು ಸುರಕ್ಷಿತ ಆಯ್ಕೆ.