ಹೊನ್ನಿನ ಗಣಿಯೂ ಮುಂದಾಲೋಚನೆಯೂ

ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದೆಂಬ ಗಾದೆಯನ್ನು ನಾವೆಲ್ಲರೂ ಬಲ್ಲೆವು. ಗೃಹಸ್ಥನಿಗಾಗಿ ಹುಟ್ಟಿದ ಈ ಮಾತು ಗಣಿಗಾರಿಕೆಗೆ ಅಕ್ಷರಶಃ ಸಲ್ಲತಕ್ಕದ್ದು. ಹೊಲವು ವರ್ಷವರ್ಷವೂ ಬೆಳೆಯನ್ನು ಕೊಡುತ್ತದೆ. ಕಡಿದ ಕಾಡು ಮರಳಿ ಚಿಗುರುತ್ತದೆ. ಆದರೆ ಒಮ್ಮೆ ತೆಗೆದ ಅದಿರು ಮತ್ತೆ ಹುಟ್ಟುವುದಿಲ್ಲ. ಗಣಿಯು ಫಲಕೊಟ್ಟ ಪ್ರತಿಯೊಂದು ದಿನವೂ ಅದರ ಆಯುಸ್ಸಿನಲ್ಲಿ ಒಂದು ದಿನ ಕಳೆದಂತೆಯೇ ಸರಿ. ಆದುದರಿಂದ ಗಣಿಯನ್ನು ನಡೆಸುವವರಿಗೆ ಮುಂದಾಲೋಚನೆಯೇ ಪ್ರಾಣವಾಗಿರಬೇಕು. ಆ ಮುಂದಾಲೋಚನೆಯು ಎಷ್ಟು ದೂರ ಹೋಗಬೇಕು ಎಂಬುದಕ್ಕೆ ನಮ್ಮ ಕೋಲಾರದ ಚಿನ್ನದ ಗಣಿಗಳ ಚರಿತ್ರೆಗಿಂತ ಉತ್ತಮವಾದ ನಿದರ್ಶನವನ್ನು ನಾವು ಹುಡುಕಬೇಕಾದುದಿಲ್ಲ.

ಆ ಸೀಮೆಯ ಹಳ್ಳಿಗರು ಮಣ್ಣನ್ನು ತೊಳೆದು ಚಿನ್ನದ ಕಣಗಳನ್ನು ಆರಿಸುತ್ತಿದ್ದುದನ್ನು ಲೆಫ್ಟಿನೆಂಟ್ ಜಾನ್ ವಾರೆನ್ 1802 ರಲ್ಲಿಯೇ ಕಂಡು ವರದಿ ಮಾಡಿದ್ದನು. ಆದರೂ ಎಪ್ಪತ್ತು ವರ್ಷಗಳ ಕಾಲ ಫಲವೇನೂ ದೊರೆಯಲಿಲ್ಲ. 1873 ರಲ್ಲಿ ಮೈಕೇಲ್ ಲವೆಲ್ ಎಂಬ ನಿವೃತ್ತ ಸೈನಿಕನು ಮೈಸೂರು ಸರಕಾರಕ್ಕೆ ಅರ್ಜಿಯನ್ನು ಬರೆದು, 1875 ರಲ್ಲಿ ಇಪ್ಪತ್ತು ವರ್ಷಗಳ ಗುತ್ತಿಗೆಯನ್ನು ಪಡೆದನು. ಅವನಲ್ಲಿ ಉತ್ಸಾಹವಿದ್ದಿತು, ಬಂಡವಾಳವಿರಲಿಲ್ಲ. 1880 ರಲ್ಲಿ ಲಂಡನ್ನಿನ ಜಾನ್ ಟೇಲರ್ ಮತ್ತು ಸನ್ಸ್ ಸಂಸ್ಥೆಯವರು ಬಂದ ಮೇಲೂ ಮೂಲಧನವು ಬಹುಮಟ್ಟಿಗೆ ಕರಗಿಹೋಯಿತು. ಕೆಲಸವನ್ನು ಕೈಬಿಡುವ ಸಂದರ್ಭದಲ್ಲಿ ಕ್ಯಾಪ್ಟನ್ ಪ್ಲಮ್ಮರ್ ಪ್ರಾಚೀನರ ಹಳೆಯ ಗುಂಡಿಗಳನ್ನು ಗಮನವಿಟ್ಟು ಪರೀಕ್ಷಿಸಿದನು. ಹಿಂದಿನವರು ಅಷ್ಟು ಶ್ರಮಪಟ್ಟು ತೋಡಿದ ಕಡೆ ಚಿನ್ನವಿರಲೇಬೇಕೆಂದು ನಂಬಿ ಅವುಗಳ ಅಡಿಗೆ ಇಳಿದಾಗ, ಚಾಂಪಿಯನ್ ರೀಫ್ ಎಂದು ಪ್ರಸಿದ್ಧವಾದ ಬೆಣಚುಕಲ್ಲಿನ ಎಳೆಯು ದೊರೆಯಿತು. ಅಗೆಯುವುದಕ್ಕೆ ಮೊದಲು ಅರಿಯಬೇಕೆಂಬುದು ಇಲ್ಲಿಯ ಮೊದಲನೆಯ ಪಾಠ.

ಎರಡನೆಯದು ಸಾಧನಸಂಪತ್ತಿನ ವಿಚಾರ. ಆ ಸೀಮೆಯಲ್ಲಿ ದೊಡ್ಡ ನದಿಯಿಲ್ಲ. ಕಲ್ಲಿದ್ದಲನ್ನು ದೂರದಿಂದ ತರಬೇಕಾಗಿದ್ದಿತು. ನೀರಿಗಾಗಿ ಪಾಲಾರ್ ನದಿಯ ಮೇಲಣ ಬೇತಮಂಗಲದ ಕೆರೆಯನ್ನು ಆಶ್ರಯಿಸಿದರು. ಶಕ್ತಿಗಾಗಿ ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಇನ್ನೂ ದೊಡ್ಡದಾದ ಯೋಜನೆಯು ಸಿದ್ಧವಾಯಿತು. 1902 ನೆಯ ಜೂನ್ 30 ರಂದು ಶಿವನಸಮುದ್ರದ ಜಲಪಾತದಿಂದ ಹುಟ್ಟಿದ ವಿದ್ಯುತ್ತು ಸುಮಾರು 92 ಮೈಲಿ ತಂತಿಯ ಮೇಲೆ ಹರಿದು ಗಣಿಗಳನ್ನು ಮುಟ್ಟಿತು. ಬೆಂಗಳೂರಿನ ಬೀದಿಗಳಿಗೆ ಆ ಬೆಳಕು ಬಂದುದು 1905 ರಲ್ಲಿ. ಗಣಿಗಳಿಗೆ ಅದಕ್ಕೂ ಮೊದಲೇ ಬಂದಿದ್ದಿತು! ಬೇಸಗೆಯಲ್ಲಿ ಕಾವೇರಿ ಬತ್ತಿದರೆ ವಿದ್ಯುತ್ತಿಗೆ ಕೊರತೆ. ಈ ಕೊರತೆಯನ್ನು ನೀಗುವುದೂ ಕೃಷಿಗೆ ನೀರನ್ನು ಒದಗಿಸುವುದೂ 1911 ರಲ್ಲಿ ಆರಂಭವಾದ ಕನ್ನಂಬಾಡಿಯ ಅಣೆಕಟ್ಟಿನ ಉದ್ದೇಶಗಳಾಗಿದ್ದುವು. ಗಣಿಯೊಂದರ ಅಗತ್ಯವು ಸಂಸ್ಥಾನಕ್ಕೇ ಶಾಶ್ವತವಾದ ಸೌಕರ್ಯಗಳನ್ನು ತಂದುಕೊಟ್ಟ ಬಗೆಯಿದು.

ಮೂರನೆಯದು ಆಳದ ವಿಚಾರ. ಇಂದು ಅರೆಯಬೇಕಾದ ಅದಿರನ್ನು ಇಂದೇ ಹುಡುಕುತ್ತ ಹೋದರೆ ಗಣಿಯು ಬಾಳದು. ಮುಂದಿನ ಕೆಲವು ವರ್ಷಗಳಿಗೆ ಸಾಲುವಷ್ಟು ಅದಿರನ್ನು ಮೊದಲೇ ಗುರುತಿಸಿ, ಸುರಂಗಗಳನ್ನು ಕೊರೆದಿಡಬೇಕು. ಈ ಶತಮಾನಕ್ಕೆ ಹಿಂದಣ ಶತಮಾನದ ಮೊದಲ ದಶಕದಲ್ಲಿಯೇ ಚಿನ್ನದ ಉತ್ಪನ್ನವು ಶಿಖರವನ್ನು ಮುಟ್ಟಿ, ಆಮೇಲೆ ಇಳಿಮುಖವಾಯಿತು. ಎಳೆಯನ್ನು ಹಿಂಬಾಲಿಸಿದ ಚಾಂಪಿಯನ್ ರೀಫ್ ಗಣಿಯು ಕ್ರಮೇಣ ಹತ್ತು ಸಾವಿರ ಅಡಿಗಳಿಗೂ ಕೆಳಗೆ ಇಳಿಯಿತು. ಅಲ್ಲಿ ಬಂಡೆಯೇ ಸುಡುವಷ್ಟು ಬಿಸಿ. ಭೂಭಾರಕ್ಕೆ ಸಿಕ್ಕಿದ ಶಿಲೆಯು ಹಠಾತ್ತಾಗಿ ಸಿಡಿದು ಅನೇಕರ ಪ್ರಾಣವನ್ನು ಕೊಂಡಿತು. ತಂಪುಗೊಳಿಸಿದ ಗಾಳಿಯನ್ನು ಕೆಳಗಿಳಿಸಿ, ಗ್ರಾನೈಟ್ ಕಲ್ಲಿನ ಗೋಡೆಗಳನ್ನು ಕಟ್ಟಿ, ಎಂಜಿನಿಯರರೂ ಕಾರ್ಮಿಕರೂ ಅಲ್ಲಿ ಹೋರಾಡಿದರು. ಒಟ್ಟಿನಲ್ಲಿ ಸುಮಾರು 800 ಟನ್ ಚಿನ್ನವನ್ನು ಆ ಪಾತಾಳವು ಕೊಟ್ಟಿತು.

ಇಷ್ಟೆಲ್ಲ ಆಲೋಚಿಸಿದವರು ಒಂದನ್ನು ಮಾತ್ರ ಆಲೋಚಿಸಲಿಲ್ಲ: ಕೊನೆಯ ದಿನವನ್ನು. 1956 ರಲ್ಲಿ ಗಣಿಗಳು ಮೈಸೂರು ಸರಕಾರದ ವಶಕ್ಕೆ ಬಂದುವು. 1962 ರಲ್ಲಿ ಕೇಂದ್ರ ಸರಕಾರಕ್ಕೂ, 1972 ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಸಂಸ್ಥೆಗೂ ಸೇರಿದುವು. ಅದಿರಿನ ಸತ್ತ್ವವು ಕುಗ್ಗಿ, ವೆಚ್ಚವು ಆದಾಯವನ್ನು ಮೀರಿ, 2001 ನೆಯ ಫೆಬ್ರವರಿ 28 ರಂದು ಗಣಿಗಳ ಬಾಗಿಲು ಮುಚ್ಚಿತು. ಉತ್ತರ ಆರ್ಕಾಟು, ಚಿತ್ತೂರುಗಳಿಂದ ಬಂದು ನಾಲ್ಕಾರು ತಲೆಮಾರು ಅಲ್ಲಿಯೇ ಬೆಳೆದ ಸಂಸಾರಗಳಿಗೆ ಬೇರೊಂದು ಕಸುಬಿರಲಿಲ್ಲ. ಬೆಳಗಿನ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ರಾತ್ರಿ ಮರಳುವುದು ಅನೇಕರ ಜೀವನಕ್ರಮವಾಯಿತು. ಊರಿನಲ್ಲಿ ಉಳಿದುವು ಮೂರು ಕೋಟಿ ಟನ್ನುಗಳಿಗೂ ಮಿಕ್ಕ ಸಯನೈಡ್ ಮಣ್ಣಿನ ದಿಬ್ಬಗಳು. ಗಾಳಿ ಬೀಸಿದಾಗ ಅವುಗಳ ಧೂಳು ಮನೆಮನೆಗಳನ್ನು ಹೊಗುತ್ತದೆ.

ಇಲ್ಲಿ ಒಂದು ಆಕ್ಷೇಪಣೆಯುಂಟು. ಗಣಿಯು ಸಾಯುವುದೇ ಸಹಜವಾದರೆ ಯಾರನ್ನು ದೂರುವುದು? ಸಾವು ಸಹಜವೆಂಬುದನ್ನು ನಾವೂ ಒಪ್ಪುತ್ತೇವೆ. ಆದರೆ ನಿಶ್ಚಿತವಾದ ಸಾವಿಗೆ ಸಿದ್ಧತೆಯಿಲ್ಲದಿರುವುದು ಸಹಜವಲ್ಲ. ಉತ್ಪನ್ನವು ಇಳಿಮುಖವಾದ ಮೇಲೆಯೂ ತೊಂಬತ್ತು ವರ್ಷಗಳ ಕಾಲಾವಕಾಶವಿದ್ದಿತು. ಚಿನ್ನದ ಮೇಲಣ ರಾಜಧನವು ದಶಕಗಳ ಕಾಲ ಸಂಸ್ಥಾನದ ಬೊಕ್ಕಸವನ್ನು ತುಂಬಿತು. ಅದರಲ್ಲಿ ಒಂದಂಶವನ್ನು ಆ ಊರಿನ ನಾಳೆಗೆಂದು ಮುಡಿಪಾಗಿಟ್ಟಿದ್ದರೆ ಫಲವು ಬೇರೆಯಾಗುತ್ತಿದ್ದಿತು. 1964 ರಲ್ಲಿ ಸ್ಥಾಪಿತವಾದ ಭಾರತ್ ಅರ್ಥ್ ಮೂವರ್ಸ್ ಸಂಸ್ಥೆಯ ಕಾರ್ಖಾನೆಯು ಅಲ್ಲಿಗೆ ಬಂದುದು ಒಳ್ಳೆಯ ಹೆಜ್ಜೆಯೇ. ಆದರೆ ಒಂದೇ ಕಾರ್ಖಾನೆಯು ಇಡೀ ನಗರದ ಭಾರವನ್ನು ಹೊರಲಾರದು.

ಗಣಿಯನ್ನು ಮುಚ್ಚುವ ಯೋಜನೆಯನ್ನು ಮೊದಲೇ ಸಲ್ಲಿಸಬೇಕೆಂಬ ನಿಯಮವು ನಮ್ಮ ದೇಶದಲ್ಲಿ 2003 ರಲ್ಲಿ ಜಾರಿಗೆ ಬಂದಿತು. ಕೋಲಾರದ ಪಾಲಿಗೆ ಇದು ಊರು ಕೊಳ್ಳೆಹೋದ ಮೇಲೆ ಕೋಟೆಯ ಬಾಗಿಲನ್ನು ಹಾಕಿದಂತಾಯಿತು. ಆದರೆ ಸಂಡೂರಿನ ಕಬ್ಬಿಣಕ್ಕೂ ಹಟ್ಟಿಯ ಚಿನ್ನಕ್ಕೂ ಬಾಗಿಲು ಇನ್ನೂ ತೆರೆದಿದೆ. ಅಲ್ಲಿಯ ಯೋಜನೆಗಳನ್ನು ಓದುವಾಗ, ಎಷ್ಟು ಟನ್ನು ತೆಗೆಯುವಿರಿ ಎಂದು ಕೇಳುವುದರೊಂದಿಗೆ, ತೆಗೆದು ಮುಗಿದ ಮರುದಿನ ಅಲ್ಲಿಯ ಮಕ್ಕಳು ಏನನ್ನು ಉಣ್ಣುವರು ಎಂದೂ ನಾವು ಕೇಳತಕ್ಕದ್ದು. ಕುಡಿಕೆಯಲ್ಲಿ ಹೊನ್ನಿರುವಾಗಲೇ ಕೇಳಬೇಕಾದ ಪ್ರಶ್ನೆಯಿದು.