ಸರೋಜಿನಿ ಮಹಿಷಿ

ಸರೋಜಿನಿ ಮಹಿಷಿ (1927–2015) ಕರ್ನಾಟಕದಿಂದ ಲೋಕಸಭೆಗೆ ಆಯ್ಕೆಯಾದ ಮೊದಲ ಮಹಿಳೆ. ವಕೀಲೆ, ಲೇಖಕಿ, ಅನುವಾದಕಿ. ಅವಿಭಜಿತ ಧಾರವಾಡ ಜಿಲ್ಲೆಯೇ ಇವರ ರಾಜಕೀಯ ನೆಲೆ. ಧಾರವಾಡ ಉತ್ತರ ಕ್ಷೇತ್ರದಿಂದ 1962ರಿಂದ ಸತತ ನಾಲ್ಕು ಬಾರಿ ಗೆದ್ದರು. ಇಂದಿರಾ ಗಾಂಧಿಯವರ ಸಂಪುಟದಲ್ಲಿ ರಾಜ್ಯ ಸಚಿವೆಯಾಗಿದ್ದರು. ಮುಂದೆ ರಾಜ್ಯಸಭೆಗೂ ಆಯ್ಕೆಯಾದರು.

ಆದರೆ ಜನ ನೆನೆಯುವುದು ಸಚಿವ ಪದವಿಗಿಂತ ಮಹಿಷಿ ವರದಿಯನ್ನೇ. ಕನ್ನಡಿಗರಿಗೆ ಉದ್ಯೋಗ ಕುರಿತು ರಾಮಕೃಷ್ಣ ಹೆಗಡೆ ಸರ್ಕಾರ ನೇಮಿಸಿದ ಸಮಿತಿಗೆ ಇವರು ಅಧ್ಯಕ್ಷೆ. 1986ರಲ್ಲಿ ಸಲ್ಲಿಸಿದ ಅಂತಿಮ ವರದಿಯಲ್ಲಿ 58 ಶಿಫಾರಸುಗಳಿದ್ದವು. ಕೇಂದ್ರೋದ್ಯಮಗಳ ಸಿ ಮತ್ತು ಡಿ ದರ್ಜೆಯ ಹುದ್ದೆಗಳೆಲ್ಲ ಕನ್ನಡಿಗರಿಗೇ ಸಿಗಬೇಕೆಂಬುದು ಅವುಗಳಲ್ಲೊಂದು. ಕನ್ನಡ ಚಳವಳಿಗಳು ಇಂದಿಗೂ ಕೇಳುತ್ತಿರುವ ವರದಿಯ ಪೂರ್ಣ ಜಾರಿ ಮಾತ್ರ ಆಗಿಲ್ಲ.